ನಾವು ಆವಾಹಿಸುವ ಸಮುದ್ರ

ಶ್ರೀಹರಿವಾಯುಗುರುಗಳ ಪರಮಾನುಗ್ರಹದಿಂದ ಮಹಾಲಯಪಕ್ಷವು ಸಮೀಪಿಸುತ್ತಿರುವ ಈ ಸಂದರ್ಭದಲ್ಲಿ, ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಹೊರಡಲಿರುವ ಆಸ್ತಿಕ ಬಂಧುಗಳೊಡನೆ ಒಂದು ವಿಷಯವನ್ನು ಕೂಡಿ ವಿಚಾರಮಾಡಬೇಕೆಂದು ನಮಗೆ ತೋರಿದೆ. ವಿಷಯ ಹೊಸದಲ್ಲ, ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಎಲ್ಲರೂ ಕೇಳಿರುವುದೇ. ಆದರೆ ಅದನ್ನು ನಮ್ಮ ಆಚಾರದ, ನಮ್ಮ ಸಿದ್ಧಾಂತದ ಬೆಳಕಿನಲ್ಲಿ ನೋಡಿದವರು ವಿರಳ.

ನಿತ್ಯವೂ ದೇವರ ಪೂಜೆಗೆ ಕುಳಿತಾಗ ಅಭಿಷೇಕಕ್ಕೆ ಮೊದಲು ನಾವು ಕಲಶಪೂಜೆಯನ್ನು ಮಾಡುತ್ತೇವೆ. ಕಲಶದ ಮುಖ, ಕಂಠ, ಮೂಲಗಳಲ್ಲಿ ಆಯಾ ದೇವತೆಗಳನ್ನು ಸ್ಮರಿಸಿ, ಅದರ ಉದರದಲ್ಲಿ ಸಾಗರಗಳೆಲ್ಲವೂ ಬಂದು ನೆಲಸಲೆಂದು ಪ್ರಾರ್ಥಿಸುತ್ತೇವೆ. ಒಂದು ಸೇರು ನೀರು ಹಿಡಿಯುವ ತಾಮ್ರದ ಪಾತ್ರೆಗೆ ಸಮುದ್ರರಾಜನೇ ಬರಬೇಕೆಂದು ಕರೆಯುವ ಅಧಿಕಾರವನ್ನು ಶಾಸ್ತ್ರವು ನಮಗೆ ಕೊಟ್ಟಿದೆ. ಹಾಗೆ ಬಂದ ಜಲದಿಂದಲೇ ಭಗವಂತನಿಗೆ ಅಭಿಷೇಕ. ಅದೇ ತೀರ್ಥವಾಗಿ ನಮ್ಮ ನಾಲಗೆಗೆ. ದಿನಂಪ್ರತಿ ಹೀಗೆ ಕರೆಯುವ ನಾವು, ಬರುವವನು ಈಗ ಯಾವ ಸ್ಥಿತಿಯಲ್ಲಿದ್ದಾನೆ ಎಂದು ಒಂದು ದಿನವಾದರೂ ವಿಚಾರಿಸಿದ್ದೇವೆಯೇ? ಮನೆಗೆ ಕರೆದ ಅತಿಥಿಯ ತಲೆಯ ಮೇಲೆ ನಮ್ಮ ಹಿತ್ತಿಲ ಕಸವನ್ನು ತಾವೇ ಸುರಿದು, ಅನಂತರ ಅವನಿಗೆ ಆಸನ ಅರ್ಘ್ಯಗಳನ್ನು ಕೊಡುವ ಗೃಹಸ್ಥನನ್ನು ಏನೆಂದು ಕರೆಯೋಣ?

ಕಡಲತೀರದ ನಮಗೆ ಸಮುದ್ರದ ಋಣವು ಸಾಮಾನ್ಯವಾದುದಲ್ಲ. ನಾವು ನಿಂತಿರುವ ನೆಲವೇ ಪರಶುರಾಮದೇವರ ಆಜ್ಞೆಗೆ ತಲೆಬಾಗಿ ಸಮುದ್ರನು ಬಿಟ್ಟುಕೊಟ್ಟ ನೆಲವೆಂದು ಪುರಾಣಪ್ರಸಿದ್ಧಿಯಿದೆ. ಶ್ರೀಮಹಾಲಕ್ಷ್ಮಿಯು ಕ್ಷೀರಾಬ್ಧಿಯಲ್ಲಿ ಆವಿರ್ಭವಿಸಿದ್ದರಿಂದ ಸಮುದ್ರವು ಆಕೆಗೆ ತವರುಮನೆ, ನಮ್ಮ ಸ್ವಾಮಿಗೆ ಮಾವನ ಮನೆ. ದಾಸವರೇಣ್ಯರು ಈ ಬಾಂಧವ್ಯವನ್ನು ಹಿಡಿದು ಸಲುಗೆಯಿಂದ ಹಾಡಿರುವುದನ್ನು ಬಲ್ಲವರು ಬಲ್ಲರು. ಇದೆಲ್ಲಕ್ಕೂ ಮಿಗಿಲಾದ ಋಣವು ಹದಿಮೂರನೆಯ ಶತಮಾನದ್ದು. ದ್ವಾರಕೆಯು ಸಮುದ್ರದಲ್ಲಿ ಮುಳುಗಿದ ಮೇಲೆ ರುಕ್ಮಿಣೀಕರಾರ್ಚಿತನಾದ ಬಾಲಕೃಷ್ಣನ ಪ್ರತಿಮೆಯು ಗೋಪೀಚಂದನದ ರಾಶಿಯಲ್ಲಿ ಹುದುಗಿದ್ದುದು, ಅದನ್ನರಿಯದ ವರ್ತಕನು ಹಡಗಿನ ಭಾರ ಸರಿದೂಗಲೆಂದು ಆ ಹೆಂಟೆಯನ್ನು ಹೇರಿಕೊಂಡು ಬಂದುದು, ಮಲ್ಪೆಯ ಬಳಿ ಬಿರುಗಾಳಿಗೆ ಸಿಲುಕಿದ ಹಡಗನ್ನು ದಡದಲ್ಲಿದ್ದ ಶ್ರೀಮದಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ದಾರಿಗೆ ತಂದುದು, ವರ್ತಕನು ಕೃತಜ್ಞತೆಯಿಂದ ಏನು ಬೇಕಾದರೂ ಕೊಡುವೆನೆಂದಾಗ ಅವರು ಬರಿಯ ಗೋಪೀಚಂದನದ ಹೆಂಟೆಯನ್ನು ಕೇಳಿದುದು — ಇದು ನಮ್ಮ ಮಕ್ಕಳೂ ಬಲ್ಲ ಕಥೆ. ವಡಭಾಂಡೇಶ್ವರದಲ್ಲಿ ಬಲರಾಮದೇವರು ನಿಂತರು. ಕೃಷ್ಣನು ಉಡುಪಿಗೆ ಬಂದನು. ಆ ಸಂದರ್ಭದಲ್ಲಿಯೇ ದ್ವಾದಶಸ್ತೋತ್ರದ ಅವತಾರವಾಯಿತೆಂದು ಸಂಪ್ರದಾಯಜ್ಞರು ಹೇಳುತ್ತಾರೆ. ಸಮುದ್ರವು ಯುಗಾಂತರದಿಂದ ಕಾಪಾಡಿಕೊಂಡು ಬಂದ ನಿಧಿಯನ್ನು ಒಂದು ಗೀರೂ ಬೀಳದಂತೆ ನಮ್ಮ ಆಚಾರ್ಯರ ಕೈಗೆ ಒಪ್ಪಿಸಿತು. ಇಂದಿಗೂ ನಮ್ಮ ಹಣೆಯ ಮೇಲಿನ ಊರ್ಧ್ವಪುಂಡ್ರವು ಆ ದ್ವಾರಕೆಯ ಮೃತ್ತಿಕೆಯೇ.

ಇಷ್ಟನ್ನು ಕೊಟ್ಟ ಸಮುದ್ರನಿಗೆ ನಾವು ಹಿಂದಿರುಗಿಸುತ್ತಿರುವುದೇನು ಎಂಬುದೇ ಇಲ್ಲಿನ ಪ್ರಶ್ನೆ.

ಶಾಸ್ತ್ರದ ಮಾತನ್ನು ಮೊದಲು ನೋಡೋಣ. ಅಶ್ವತ್ಥವನ್ನೂ ಸಮುದ್ರವನ್ನೂ ಸೇವಿಸಬೇಕು, ಆದರೆ ಮನಬಂದಾಗ ಮುಟ್ಟಕೂಡದು. ಅಶ್ವತ್ಥವನ್ನು ಶನಿವಾರದಂದು, ಸಮುದ್ರವನ್ನು ಪರ್ವಕಾಲದಲ್ಲಿ ಮಾತ್ರ ಸ್ಪರ್ಶಿಸಬೇಕೆಂದು ವಿಧಿಯಿದೆ. ಸೇತುವಿನಲ್ಲಿ ಮಾತ್ರ ಈ ಕಾಲನಿಯಮವಿಲ್ಲ. ಕೈಯಿಂದ ಮುಟ್ಟುವುದಕ್ಕೇ ತಿಥಿಯನ್ನು ನೋಡಬೇಕೆಂದು ಹೇಳಿದ ಶಾಸ್ತ್ರವು, ತಿಥಿವಾರಗಳ ಗೊಡವೆಯಿಲ್ಲದೆ ಮುನ್ನೂರರವತ್ತೈದು ದಿನವೂ ಹೊಲಸನ್ನು ಹರಿಯಬಿಡುವುದನ್ನು ಒಪ್ಪೀತೇ? ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ನೀರಿನಲ್ಲಿ ಮಲಮೂತ್ರಗಳನ್ನಾಗಲಿ ಉಗುಳನ್ನಾಗಲಿ ವಿಷವನ್ನಾಗಲಿ ಹಾಕಕೂಡದೆಂದು ಸ್ಪಷ್ಟವಾಗಿ ನಿಷೇಧಿಸುತ್ತದೆ. ತೈತ್ತಿರೀಯ ಆರಣ್ಯಕದ ಅರುಣಪ್ರಶ್ನದಲ್ಲಿಯೂ ಇದೇ ವ್ರತವನ್ನು ವಿಧಿಸಿದೆ. ಸೌರಪಾರಾಯಣಕ್ಕೆಂದು ಅರುಣಪ್ರಶ್ನವನ್ನು ಕಂಠಪಾಠಮಾಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ; ಅದರ ಈ ಭಾಗವು ಸ್ವರಕ್ಕೆ ಮಾತ್ರವಲ್ಲ, ಆಚರಣೆಗೂ ಇದೆ.

ಆದರೆ ಈ ವಿಷಯದಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಕಲಕುವುದು ಶ್ರೀಮದ್ರಾಮಾಯಣದ ಯುದ್ಧಕಾಂಡದ ಒಂದು ಪ್ರಸಂಗ. ಸೇತುಬಂಧನದ ಕಥೆಯನ್ನು ಎಲ್ಲರೂ ಬಲ್ಲರು. ಅದರ ನಡುವೆ ಬರುವ ಈ ಸಣ್ಣ ಘಟನೆಯ ಮೇಲೆ ಉಪನ್ಯಾಸಕಾರರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಶ್ರೀರಾಮಚಂದ್ರನು ದರ್ಭೆಯ ಮೇಲೆ ಮೂರು ರಾತ್ರಿಗಳ ಕಾಲ ಮಲಗಿ ಪ್ರತೀಕ್ಷೆಮಾಡಿದರೂ ಸಮುದ್ರರಾಜನು ಕಾಣಿಸಿಕೊಳ್ಳಲಿಲ್ಲ. ಆಗ ಸ್ವಾಮಿಯು ಕುಪಿತನಾದಂತೆ ತೋರಿಸಿ ಬಿಲ್ಲನ್ನೆತ್ತಿ ಬ್ರಹ್ಮಾಸ್ತ್ರಮಂತ್ರದಿಂದ ಬಾಣವನ್ನು ಹೂಡಿದನು. ಸಮುದ್ರನು ನಡುಗುತ್ತ ಮೇಲೆದ್ದು ಬಂದು, ಅಗಾಧನಾಗಿರುವುದು ತನ್ನ ಸ್ವಭಾವವೆಂದೂ, ನಳನು ಸೇತುವೆ ಕಟ್ಟಲಿ, ತಾನು ಧರಿಸುವೆನೆಂದೂ ಬಿನ್ನವಿಸಿಕೊಂಡನು. ಹೂಡಿದ ಬಾಣವಾದರೋ ವ್ಯರ್ಥವಾಗಕೂಡದು. ಅದನ್ನು ಎಲ್ಲಿ ಬಿಡಲೆಂದು ರಾಮನು ಕೇಳಿದಾಗ ಸಮುದ್ರನು ಕೊಟ್ಟ ಉತ್ತರವನ್ನು ಗಮನಿಸಬೇಕು. ಉತ್ತರದಿಕ್ಕಿನಲ್ಲಿ ದ್ರುಮಕುಲ್ಯವೆಂಬ ತನ್ನದೊಂದು ಪುಣ್ಯಪ್ರದೇಶವಿದೆ. ಅಲ್ಲಿ ಕ್ರೂರಕರ್ಮಿಗಳಾದ ದಸ್ಯುಗಳು ಸೇರಿಕೊಂಡು ತನ್ನ ನೀರನ್ನು ಬಳಸುತ್ತಿದ್ದಾರೆ. ಆ ಪಾಪಿಗಳ ಸ್ಪರ್ಶವನ್ನು ತಾನು ಸಹಿಸಲಾರೆನು. ಬಾಣವನ್ನು ಅಲ್ಲಿಗೆ ಬಿಡಬೇಕು ಎಂದನು. ರಾಮಬಾಣದಿಂದ ಆ ಪ್ರದೇಶವು ಒಣಗಿ ಮರುಕಾಂತಾರವೆನಿಸಿತು.

ವಾನರರು ಕಿತ್ತುತಂದ ಪರ್ವತಗಳನ್ನೂ ವೃಕ್ಷಗಳನ್ನೂ ಎದೆಯ ಮೇಲೆ ಹೊರಲು ಸಿದ್ಧನಾದ ಸಮುದ್ರನಿಗೆ, ಪಾಪಕರ್ಮಿಗಳ ಕೈ ನೀರಿಗೆ ತಾಗುವುದು ಮಾತ್ರ ಅಸಹ್ಯವಾಯಿತು. ಅವನು ಅಲ್ಲಿ ದೂರಿದ್ದು ಅವರ ಕರ್ಮವನ್ನು. ಭಗವಂತನ ಕಾರ್ಯಕ್ಕೆ ಹೊರುವ ಭಾರವು ಅವನಿಗೆ ಭಾರವಲ್ಲ. ಅಧರ್ಮದ ಹನಿಯೂ ಭಾರವೇ. ಸಮುದ್ರನು ಬಾಯಿಬಿಟ್ಟು ಮೊರೆಯಿಟ್ಟ ಈ ಪ್ರಸಂಗವನ್ನು ಓದುವಾಗಲೆಲ್ಲ ನಮಗೆ ಒಂದು ಪ್ರಶ್ನೆ ಏಳುತ್ತದೆ. ಆ ಬಾಣವನ್ನು ಇಂದು ಹೂಡಿದ್ದರೆ, ಸಮುದ್ರರಾಜನು ಯಾವ ಊರಿನ ಕಡೆಗೆ ಬೆರಳು ತೋರಿಸುತ್ತಿದ್ದನು?

ಇಲ್ಲಿ ಕೆಲವರು, ಜಡವಾದ ನೀರಿಗೆ ದುಃಖವೆಲ್ಲಿಯದು, ಇದು ಕವಿಕಲ್ಪನೆಯಲ್ಲವೇ ಎನ್ನಬಹುದು. ಹಾಗೆನ್ನಲು ನಮ್ಮ ಸಿದ್ಧಾಂತದಲ್ಲಿ ಅವಕಾಶವಿಲ್ಲ. ವೇದದಲ್ಲಿ ಮಣ್ಣು ಮಾತನಾಡಿತು, ನೀರು ಮಾತನಾಡಿತು ಎಂದು ಬರುವ ಕಡೆಗಳಲ್ಲಿ ಆ ಮಾತು ಜಡಕ್ಕೆ ಸೇರಿದ್ದಲ್ಲ, ಅದರ ಅಭಿಮಾನಿದೇವತೆಗೆ ಸೇರಿದ್ದು ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ನಿರ್ಣಯವಾಗಿದೆ. ಜಲಕ್ಕೆ ವರುಣನು ಅಭಿಮಾನಿ. ಅವನೊಳಗೆ ಅಂತರ್ಯಾಮಿಯಾಗಿ ನಿಂತು ನಿಯಮಿಸುವವನು ಸಾಕ್ಷಾತ್ ಶ್ರೀಹರಿ. ಬೃಹದಾರಣ್ಯಕದ ಅಂತರ್ಯಾಮಿಬ್ರಾಹ್ಮಣದಲ್ಲಿ ನೀರಿನೊಳಗಿದ್ದು ನೀರನ್ನು ನಡೆಸುವವನೆಂದು ಹೇಳಿದ್ದು ಅವನನ್ನೇ. ನದಿಗಳನ್ನೂ ಸಮುದ್ರಗಳನ್ನೂ ಹರಿಯ ಶರೀರವೆಂದು ತಿಳಿದು ನಮಸ್ಕರಿಸಬೇಕೆಂದು ಭಾಗವತದ ಏಕಾದಶಸ್ಕಂಧವು ಹೇಳುತ್ತದೆ. ಶರೀರವೆಂದರೆ ಅವನ ಅಧೀನವಾದ ಅಧಿಷ್ಠಾನವೆಂದು ಅರ್ಥ. ಪ್ರತಿಮೆಯು ಅಧಿಷ್ಠಾನವಾದಂತೆಯೇ ಇದೂ. ಪ್ರತಿಮೆಯ ಮೇಲೆ ಒಂದು ಕೂದಲು ಬಿದ್ದರೆ ಪ್ರಾಯಶ್ಚಿತ್ತವನ್ನು ಯೋಚಿಸುವ ನಾವು, ಇನ್ನೊಂದು ಅಧಿಷ್ಠಾನದ ವಿಷಯದಲ್ಲಿ ಹೀಗೇಕಾದೆವು?

ಮತ್ತೊಂದು ಮಾತು. ಈ ಜಗತ್ತು ಸತ್ಯವೆಂದು ಸಾರಿದವರು ನಾವು. ಜಡವೂ ಸತ್ಯ, ಜಡಜಡಗಳ ಭೇದವೂ ಸತ್ಯ. ಹೀಗಿರುವಲ್ಲಿ ನೀರು ಬೇರೆ, ನೀರಿನಲ್ಲಿ ಬೆರೆತ ವಿಷ ಬೇರೆ. ಎರಡೂ ನಿಜವಾಗಿಯೇ ಇವೆ. ತೋರಿಕೆಯ ಹೊಲಸು ಜ್ಞಾನದಿಂದ ಹೋಗುತ್ತದೆಂದು ಕುಳಿತುಕೊಳ್ಳುವ ಸೌಕರ್ಯ ನಮಗೆ ಇಲ್ಲ. ಸತ್ಯವಾದ ಮಲಿನತೆಯನ್ನು ಸತ್ಯವಾದ ಕೈಗಳಿಂದಲೇ ತೆಗೆಯಬೇಕಾಗುತ್ತದೆ.

ಸಮುದ್ರವು ಎಲ್ಲವನ್ನೂ ನುಂಗಿ ಶುದ್ಧಮಾಡುತ್ತದೆ, ಎಷ್ಟು ಬಂದರೂ ಅದಕ್ಕೆ ವಿಕಾರವಿಲ್ಲವೆಂದು ಗೀತೆಯಲ್ಲಿಯೇ ಇದೆಯಲ್ಲ ಎನ್ನುವವರೂ ಉಂಟು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಸಮುದ್ರದ ಹೋಲಿಕೆಯನ್ನು ಕೊಟ್ಟಿರುವುದು ನಿಜ. ಆದರೆ ಅಲ್ಲಿ ಸಮುದ್ರವನ್ನು ಪ್ರವೇಶಿಸುವುದು ನೀರು; ನಮ್ಮ ಊರಿನ ಚರಂಡಿಯಲ್ಲ. ಹೂವು, ತುಳಸಿ, ಬಾಳೆಯೆಲೆ, ಚಿತಾಭಸ್ಮ, ಪಿಂಡದ ಅನ್ನ — ಇವನ್ನು ಜೀರ್ಣಮಾಡಿಕೊಳ್ಳುವ ಶಕ್ತಿಯನ್ನು ಭಗವಂತನು ನೀರಿಗೆ ಇತ್ತಿದ್ದಾನೆ. ಕಣ್ಣಿಗೆ ಕಾಣದ ಜೀವಿಗಳು ಅವನ್ನು ಕೊಳೆಯಿಸಿ ಮತ್ತೆ ನೀರಿಗೂ ಮಣ್ಣಿಗೂ ಸೇರಿಸುತ್ತವೆ. ನಮ್ಮ ಹಿರಿಯರು ನೀರಿಗೆ ಬಿಡುತ್ತಿದ್ದುದು ಅಂಥವನ್ನೇ, ಅದೂ ಕೈತುಂಬ ಮಾತ್ರ. ಪ್ಲಾಸ್ಟಿಕ್ ಎಂಬ ವಸ್ತುವು ಆ ಜೀವಿಗಳಿಗೆ ಅನ್ನವಲ್ಲ. ಅದು ಕೊಳೆಯುವುದಿಲ್ಲ, ಬಿಸಿಲಿಗೆ ಪೆಡಸಾಗಿ, ಅಲೆಗೆ ಸಿಕ್ಕು ಚೂರುಚೂರಾಗಿ, ಐದು ಮಿಲಿಮೀಟರಿಗಿಂತಲೂ ಸಣ್ಣ ಕಣಗಳಾಗಿ ನೀರಿನಲ್ಲಿ ಉಳಿಯುತ್ತದೆ. ಆ ಕಣಗಳು ಇಂದು ಮೀನಿನ ಹೊಟ್ಟೆಯಲ್ಲಿ ಮಾತ್ರವಲ್ಲ, ಸಮುದ್ರದ ಉಪ್ಪಿನಲ್ಲಿಯೂ ಸಿಕ್ಕಿವೆ. ನಾವು ಮೀನು ತಿನ್ನುವವರಲ್ಲವೆಂದು ಸಮಾಧಾನಪಡುವಂತಿಲ್ಲ; ಉಪ್ಪಿಲ್ಲದ ನೈವೇದ್ಯದ ಅಡಿಗೆ ಯಾವ ಮನೆಯಲ್ಲಿದೆ? ಪ್ರತಿವರ್ಷವೂ ಲೋಕದ ನದಿ, ಸರೋವರ, ಸಮುದ್ರಗಳಿಗೆ ಸೇರುವ ಪ್ಲಾಸ್ಟಿಕ್ ತ್ಯಾಜ್ಯವು 190ರಿಂದ 230 ಲಕ್ಷ ಟನ್ನುಗಳಷ್ಟೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಅಂದಾಜುಮಾಡಿದ್ದಾರೆ.

ಲೋಕದ ಮಾತು ಹಾಗಿರಲಿ. ಕೃಷ್ಣನ ಊರನ್ನೇ ನೋಡೋಣ. ಉಡುಪಿಯ ಜನರಿಗೆ ದಶಕಗಳಿಂದ ಕುಡಿಯುವ ನೀರನ್ನು ಕೊಟ್ಟು ಸಾಕಿದವಳು ಸ್ವರ್ಣಾನದಿ. ಹಿರಿಯಡಕದ ಬಳಿಯ ಬಜೆಯಲ್ಲಿ ಅವಳಿಗೆ ಕಟ್ಟೆ ಕಟ್ಟಿ ನೀರನ್ನು ತರಲಾಗುತ್ತದೆ. ಮನೆಗೆ ಬಂದ ಆ ನೀರು ಸ್ನಾನದ ಮನೆ, ಅಡಿಗೆಯ ಮನೆ, ಶೌಚಗೃಹಗಳನ್ನು ದಾಟಿ ಮತ್ತೆ ಎಲ್ಲಿಗೋ ಹೋಗಲೇಬೇಕಷ್ಟೆ. ನಗರದ ನಡುವೆ ಹರಿದು ಮಲ್ಪೆ, ಕಲ್ಮಾಡಿಗಳ ಕಡೆಗೆ ಸಾಗಿ ಕಡಲನ್ನು ಸೇರುವ ಇಂದ್ರಾಣಿಯೆಂಬ ಸಣ್ಣ ನದಿಯೊಂದಿದೆ. ದೇವಿಯ ಹೆಸರು ಹೊತ್ತ ತೀರ್ಥವದು. ನಿಟ್ಟೂರಿನಲ್ಲಿ ಕೊಳಚೆನೀರಿನ ಶುದ್ಧೀಕರಣ ಘಟಕವಿದ್ದರೂ ಎಲ್ಲ ಮನೆಗಳಿಗೂ ಒಳಚರಂಡಿಯ ಸಂಪರ್ಕವಾಗಿಲ್ಲ. ನಗರದ ಕೊಳಚೆಯು ವರ್ಷಗಳಿಂದ ಇಂದ್ರಾಣಿಗೆ ಸೇರುತ್ತಲೇ ಬಂದಿದೆ. ಅದರ ದಂಡೆಯ ಮನೆಗಳ ಬಾವಿಗಳು ಕೆಟ್ಟು ಹೋದ ಸಂಗತಿಯು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಪ್ರಕಟವಾಗಿದೆ.

ಬಾವಿ ಕೆಡುವುದೆಂದರೆ ಮಾಧ್ವಗೃಹಸ್ಥನಿಗೆ ಏನೆಂಬುದನ್ನು ಬೇರೆಯವರು ಊಹಿಸುವುದು ಕಷ್ಟ. ನಲ್ಲಿಯ ನೀರು ಎಷ್ಟೇ ಬರಲಿ, ಮಡಿಯ ನೀರಿಗೆ ಬಾವಿಯೇ ಆಗಬೇಕು. ಬೆಳಗಿನ ಜಾವ ಒದ್ದೆ ಬಟ್ಟೆಯಲ್ಲಿ ಸೇದಿದ ಆ ಒಂದು ಕೊಡ ನೀರಿನ ಮೇಲೆ ಮನೆಯ ಪೂಜೆಯೂ ನೈವೇದ್ಯವೂ ನಿಂತಿವೆ. ನದಿಯ ದಂಡೆಯ ಗೃಹಿಣಿಯು ಹಗ್ಗ ಎಳೆದಾಗ ಮೇಲೆ ಬರುವ ನೀರಿಗೆ ದುರ್ಗಂಧವಿದ್ದರೆ ಆಕೆ ದೇವರಿಗೆ ಏನನ್ನು ಅಭಿಷೇಕ ಮಾಡಬೇಕು? ಆ ನೀರನ್ನು ಕೆಡಿಸಿದ ಪಾಲಿನಲ್ಲಿ, ಊರಿನ ಮೇಲ್ಭಾಗದಲ್ಲಿ ಮಡಿಯುಟ್ಟು ಕುಳಿತವನ ಮನೆಯ ಬಚ್ಚಲಿನ ಪಾಲೂ ಇರಬಹುದಲ್ಲವೇ? ನಮ್ಮ ಮಡಿಯು ನಮ್ಮ ಹೊಸ್ತಿಲಿನಲ್ಲಿಯೇ ಮುಗಿಯುತ್ತದೆಂದು ನಾವು ಭಾವಿಸಿದ್ದೇವೆ. ಅಶುದ್ಧಿಯನ್ನು ನಮ್ಮ ಮೈಯಿಂದ ತೊಳೆದು ನೆರೆಯವನ ಬಾವಿಗೆ ದಾಟಿಸಿದರೆ ಅದು ಅಶುದ್ಧಿಯ ಸ್ಥಳಾಂತರವೇ ಹೊರತು ಶುದ್ಧಿಯಲ್ಲ. ಈ ಮಾತು ಕಠೋರವೆಂದು ಕೆಲವರಿಗೆ ಅನ್ನಿಸಬಹುದು. ಆದರೂ ಹೇಳದೆ ವಿಧಿಯಿಲ್ಲ. ಇಂದ್ರಾಣಿಯನ್ನು ಸೇರಿದ್ದು ಅಲ್ಲಿಯೇ ನಿಲ್ಲುವುದೂ ಇಲ್ಲ. ಅದು ಹೋಗಿ ಸೇರುವುದು ಕೃಷ್ಣನು ಬಂದಿಳಿದ ಕಡಲನ್ನು. ಅಮಾವಾಸ್ಯೆಯಂದು ನಾವು ಸಂಕಲ್ಪಮಾಡಿ ಮುಳುಗುವುದೂ ಆ ಕಡಲಿನಲ್ಲಿಯೇ.

ಇನ್ನು ನಮ್ಮ ಸ್ನಾನ, ದಾನ, ವಿಸರ್ಜನೆಗಳ ವಿಷಯ. ಪರ್ವದ ದಿನ ಮಧ್ಯಾಹ್ನದ ಹೊತ್ತಿಗೆ ಕಡಲತಡಿಗೆ ಹೋಗಿ ನೋಡಿದವರು ಕಂಡಿರುತ್ತಾರೆ: ಎಣ್ಣೆಯ ಪೊಟ್ಟಣ, ಕರ್ಪೂರದ ಡಬ್ಬಿ, ಊದುಬತ್ತಿಯ ಹೊದಿಕೆ, ತರ್ಪಣದ ಎಳ್ಳು ತಂದ ಚೀಲ, ಪಿಂಡಗಳನ್ನು ಇಟ್ಟು ತಂದ ಬೆಳ್ಳಿಬಣ್ಣದ ಕಾಗದದ ತಟ್ಟೆ. ಪಿತೃಗಳಿಗೆ ಸದ್ಗತಿಯನ್ನು ಬೇಡಿದ ಜಾಗದಲ್ಲಿಯೇ ಇವೆಲ್ಲವೂ. ಸೇತುಯಾತ್ರೆಗೆ ಹೋದವರು ಅಗ್ನಿತೀರ್ಥದಲ್ಲಿ ಮಿಂದು ಉಟ್ಟ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಬರುವ ರೂಢಿಯನ್ನು ಬೆಳೆಸಿಕೊಂಡಿದ್ದಾರೆ. ಪಾಪವು ಬಟ್ಟೆಯೊಡನೆ ಹೋಗುತ್ತದೆಂಬ ಭಾವನೆಯಂತೆ! ಅಂದಿನ ಹತ್ತಿಯ ಪಂಚೆಯಾದರೆ ಕರಗೀತು. ಇಂದಿನ ಪಾಲಿಯೆಸ್ಟರ್ ಸೀರೆಯೂ ಪ್ಲಾಸ್ಟಿಕ್ಕಿನ ಜಾತಿಯದೇ. ಬಟ್ಟೆಯನ್ನು ತೊಳೆದು ಒಣಗಿಸಿ ಬಡವರಿಗೆ ಕೊಟ್ಟರೆ ಬರುವ ಪುಣ್ಯವನ್ನು ಬಿಟ್ಟು, ರಾಮನು ದರ್ಭಶಯನ ಮಾಡಿದ ಸಮುದ್ರಕ್ಕೆ ಅದನ್ನು ಎಸೆಯುವುದರಲ್ಲಿ ಯಾವ ಧರ್ಮವಿದೆಯೋ ನಮಗೆ ತಿಳಿಯದು.

ನಿರ್ಮಾಲ್ಯದ ವಿಷಯದಲ್ಲಿಯೂ ಇದೇ ಆಗಿದೆ. ನಿರ್ಮಾಲ್ಯವನ್ನು ಯಾರೂ ತುಳಿಯದ ಕಡೆ, ತುಳಸಿಯ ಬುಡದಲ್ಲಿಯೋ ಗಿಡದ ಪಾತಿಯಲ್ಲಿಯೋ ಹಾಕುವುದು ನಮ್ಮ ಮನೆಗಳ ಪದ್ಧತಿಯಾಗಿತ್ತು. ಮಹಡಿಮನೆಗಳ ವಾಸ ಬಂದ ಮೇಲೆ ವಾರದ ನಿರ್ಮಾಲ್ಯವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಸೇತುವೆಯ ಮೇಲೆ ವಾಹನ ನಿಲ್ಲಿಸಿ, ಗಂಟು ಬಿಚ್ಚದೆ ನದಿಗೆ ಎಸೆದು ಕೈಮುಗಿದು ಹೋಗುವವರನ್ನು ಕಾಣುತ್ತೇವೆ. ಆ ತುಳಸಿಗೆ ಚೀಲದೊಳಗೆ ಕೊಳೆಯುವ ಗತಿ; ಚೀಲಕ್ಕೆ ಸಮುದ್ರದ ಗತಿ. ಗಾಜು ಒಡೆದ ದೇವರ ಪಟಗಳನ್ನು ಚೌಕಟ್ಟಿನ ಸಮೇತ ನೀರಿಗೆ ಬಿಡುವುದೂ ಉಂಟು. ಗಣೇಶನ ಮೂರ್ತಿಯನ್ನು ಕೆರೆಯ ಮಣ್ಣಿನಿಂದ ಮಾಡಬೇಕೆಂಬುದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿಗಳು ಬೇಗ ಕರಗುವುದಿಲ್ಲವೆಂದೂ, ಅವುಗಳ ಬಣ್ಣದಲ್ಲಿ ಸೀಸ, ಪಾದರಸದಂಥ ವಿಷಲೋಹಗಳಿರುತ್ತವೆಂದೂ ತಿಳಿದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಅವು ಕೂಡದೆಂದು ಹೇಳಬೇಕಾಯಿತು. ಮೃಣ್ಮಯಮೂರ್ತಿಯೆಂದು ವ್ರತಕಲ್ಪದಲ್ಲಿಯೇ ಇರುವುದನ್ನು ಸರಕಾರದಿಂದ ಹೇಳಿಸಿಕೊಂಡೆವಲ್ಲ ಎಂಬುದೇ ನಮಗೆ ಸಂಕೋಚದ ವಿಷಯ.

ಹಡಗಿನ ಕಥೆಗೆ ಮರಳೋಣ. ಅಂದು ಆಚಾರ್ಯರು ಕಾಪಾಡಿದ ಹಡಗಿನ ತಳದಲ್ಲಿದ್ದುದು ಗೋಪೀಚಂದನ. ಅದು ಮುಳುಗಿದ್ದರೂ ಮಣ್ಣು ನೀರಿನಲ್ಲಿ ಕರಗುತ್ತಿತ್ತು, ಅಷ್ಟೆ. 2025ರ ಮೇ 25ರಂದು ಕೊಚ್ಚಿಯ ಆಚೆ ಅರಬ್ಬೀ ಸಮುದ್ರದಲ್ಲಿ ಎಂ.ಎಸ್.ಸಿ. ಎಲ್ಸಾ 3 ಎಂಬ ಸರಕುಹಡಗು ಮುಳುಗಿತು. ಅದರಲ್ಲಿದ್ದ 24 ಮಂದಿಯೂ ಪ್ರಾಣಸಹಿತ ಪಾರಾದುದು ಭಗವದನುಗ್ರಹ. ಆದರೆ ಹಡಗಿನಲ್ಲಿ 640 ಕಂಟೇನರುಗಳಿದ್ದವು. ಕೆಲವುಗಳಲ್ಲಿ ನೀರು ತಾಗಿದರೆ ಉರಿಯುವ ಅನಿಲವನ್ನು ಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಹಡಗಿನ ತೊಟ್ಟಿಗಳಲ್ಲಿ ಸುಮಾರು 367 ಟನ್ ಉರುವಲೆಣ್ಣೆಯೂ 84 ಟನ್ ಡೀಸೆಲ್ಲೂ ಇದ್ದವು. ಒಡೆದ ಕಂಟೇನರುಗಳಿಂದ ಹೊರಬಿದ್ದ ಸಾಬಕ್ಕಿಯಂಥ ಪ್ಲಾಸ್ಟಿಕ್ ಮಣಿಗಳು ತಿರುವನಂತಪುರದ ತೀರದಲ್ಲಿ ಮರಳಿನೊಡನೆ ಬೆರೆತುಹೋದವು. ಅವನ್ನು ಮರಳಿನಿಂದ ಬೇರ್ಪಡಿಸಲು ಜನರು ಜರಡಿ ಹಿಡಿದು ಕುಳಿತರು. ಕೇರಳ ಸರಕಾರವು ಇದನ್ನು ರಾಜ್ಯದ ವಿಪತ್ತೆಂದು ಘೋಷಿಸಿತು. ನಮ್ಮ ತೀರದಲ್ಲಿಯೂ 2022ರ ಜೂನ್ ತಿಂಗಳಿನಲ್ಲಿ ಉಳ್ಳಾಲದ ಸಮೀಪ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಸುಮಾರು 8,000 ಟನ್ ಉಕ್ಕಿನ ಸುರುಳಿಗಳೊಡನೆ ತಳಕಂಡು ನಿಂತಿತು. ಅದರ ಎಣ್ಣೆ ಸೋರೀತೆಂದು ತೀರದ ಜನರು ದಿನಗಟ್ಟಲೆ ಕಳವಳಪಟ್ಟರು. ಪಡುವಣ ಕಡಲಿನಲ್ಲಿ ಕೊಚ್ಚಿ, ಮಂಗಳೂರು, ಮಲ್ಪೆ ಎಂಬ ಗೆರೆಗಳಿಲ್ಲ. ಒಂದು ಕಡೆ ಬಿದ್ದದ್ದನ್ನು ಪ್ರವಾಹವು ಇನ್ನೊಂದು ಕಡೆಗೆ ಒಯ್ಯುತ್ತದೆ.

ಸಮುದ್ರಮಥನದಲ್ಲಿ ಮೊದಲು ಹುಟ್ಟಿದ್ದು ಹಾಲಾಹಲ. ಲೋಕವನ್ನೇ ಸುಡಲು ಹೊರಟ ಆ ವಿಷದಲ್ಲಿ ಸ್ವಲ್ಪ ಭಾಗವನ್ನು ರುದ್ರದೇವರು ಪಾನಮಾಡಿ ನೀಲಕಂಠರೆನಿಸಿದರು, ಉಳಿದ ಮಹಾಭಾಗವನ್ನೆಲ್ಲ ಕುಡಿದು ಜೀರ್ಣಿಸಿಕೊಂಡವರು ಮುಖ್ಯಪ್ರಾಣದೇವರು ಎಂದು ಮಹಾಭಾರತತಾತ್ಪರ್ಯನಿರ್ಣಯವು ನಮಗೆ ತಿಳಿಸಿದೆ. ಅಂದು ವಿಷವು ಸಮುದ್ರದಿಂದ ಹೊರಗೆ ಬಂದಿತು. ಇಂದು ನಾವು ಅದನ್ನು ಒಳಗೆ ಹಾಕುತ್ತಿದ್ದೇವೆ. ಕುಡಿಯುತ್ತಿರುವವರು ಯಾರು? ಕೂರ್ಮಾವತಾರದ ಜಾತಿಯಲ್ಲಿ ಹುಟ್ಟಿದ ಕಡಲಾಮೆಗಳು, ಮತ್ಸ್ಯಾವತಾರದ ಜಾತಿಯಲ್ಲಿ ಹುಟ್ಟಿದ ಮೀನುಗಳು. ನಮ್ಮ ಕರಾವಳಿಯ ಮರಳಿನಲ್ಲಿ, ಹೊನ್ನಾವರ, ಕುಂದಾಪುರಗಳ ಕಡೆ, ಚಳಿಗಾಲದಲ್ಲಿ ಆಲಿವ್ ರಿಡ್ಲಿ ಎಂಬ ಆಮೆಗಳು ಬಂದು ಮೊಟ್ಟೆಯಿಡುತ್ತವೆ. ನೀರಿನಲ್ಲಿ ತೇಲುವ ತೆಳ್ಳನೆಯ ಪ್ಲಾಸ್ಟಿಕ್ ಚೀಲವು ಅವುಗಳ ಕಣ್ಣಿಗೆ ಅಂಬಲಿಮೀನಿನಂತೆಯೇ ಕಾಣುತ್ತದೆ. ನುಂಗಿದ ಮೇಲೆ ಹಿಂದಿರುಗಿ ಬರುವ ದಾರಿಯಿಲ್ಲ. ಕಡಲನ್ನೇ ನಂಬಿದ ಮೊಗವೀರ ಬಂಧುಗಳ ಬಲೆಗೆ ಕೆಲವು ದಿನ ಮೀನಿಗಿಂತ ಕಸವೇ ಹೆಚ್ಚಾಗಿ ಬರುತ್ತದೆ. ಶ್ರಾವಣ ಪೂರ್ಣಿಮೆಯ ಸುಮಾರಿಗೆ ಮಲ್ಪೆಯಲ್ಲಿ ಅವರು ಸಮುದ್ರಪೂಜೆ ಮಾಡಿ ಹಾಲೆರೆಯುತ್ತಾರೆ. ನಾವು ಉಪಾಕರ್ಮದಲ್ಲಿ ಹೊಸ ಜನಿವಾರ ಹಾಕಿಕೊಳ್ಳುವುದೂ ಆ ದಿನಗಳಲ್ಲಿಯೇ. ಸಮುದ್ರನನ್ನು ದೇವತೆಯೆಂದು ನಂಬಿ ನಡೆಯುವ ವಿಷಯದಲ್ಲಿ ಅವರಿಂದ ನಾವು ಕಲಿಯಬೇಕಾದುದು ಬಹಳವಿದೆ.

ಕಾರ್ಖಾನೆಗಳ ತ್ಯಾಜ್ಯ, ನಗರಸಭೆಯ ಚರಂಡಿ, ಹಡಗಿನ ಎಣ್ಣೆ — ಇವೆಲ್ಲ ನಮ್ಮ ಕೈಯಲ್ಲಿಲ್ಲವೆಂದು ಹೇಳಿ ಹಗುರವಾಗುವುದು ಸುಲಭ. ಕಾನೂನುಗಳಿಗೇನೂ ಕೊರತೆಯಿಲ್ಲ. 1974ರಲ್ಲಿ ಜಲಮಾಲಿನ್ಯದ ಕಾಯಿದೆ ಬಂದಿತು; 1986ರಲ್ಲಿ ಪರಿಸರ ಸಂರಕ್ಷಣೆಯ ಕಾಯಿದೆ; 1991ರಲ್ಲಿ ಮೊದಲ ಬಾರಿಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ; 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ. ಈ ಕಾನೂನುಗಳನ್ನು ನಡೆಸುವವರು ಯಾರು? ಆ ಕಾರ್ಖಾನೆಗಳಲ್ಲಿ ಇಂಜಿನಿಯರರಾಗಿ, ಪ್ರಯೋಗಶಾಲೆಗಳಲ್ಲಿ ನೀರನ್ನು ಪರೀಕ್ಷಿಸುವವರಾಗಿ, ಕಚೇರಿಗಳಲ್ಲಿ ಅನುಮತಿಪತ್ರಕ್ಕೆ ಸಹಿಹಾಕುವವರಾಗಿ ನಮ್ಮ ಮನೆಗಳ ಮಕ್ಕಳೇ ಇದ್ದಾರೆ. ಬೆಳಗ್ಗೆ ಆಪೋಹಿಷ್ಠಾ ಮಂತ್ರದಿಂದ ಮಾರ್ಜನ ಮಾಡಿಕೊಂಡು, ಅಘಮರ್ಷಣದಲ್ಲಿ ಋತಸತ್ಯಗಳನ್ನೂ ಸಮುದ್ರದ ಸೃಷ್ಟಿಯನ್ನೂ ಸ್ಮರಿಸಿ ಕಚೇರಿಗೆ ಹೋದವನು, ಮಧ್ಯಾಹ್ನ ಶುದ್ಧೀಕರಿಸದ ನೀರನ್ನು ಶುದ್ಧೀಕರಿಸಿದ್ದೆಂದು ಬರೆದು ಸಹಿಮಾಡಿದರೆ, ಅವನು ಬೆಳಗ್ಗೆ ಮುಟ್ಟಿದ ನೀರು ಅವನ ವಿರುದ್ಧ ಸಾಕ್ಷಿ ಹೇಳುವುದಿಲ್ಲವೇ? ಸ್ವವಿಹಿತವೃತ್ತಿಯೇ ಭಗವಂತನ ಪೂಜೆಯೆಂದು ಆಚಾರ್ಯರು ಹೇಳಿದ ಮಾತು ಈ ಸಹಿಯ ಹೊತ್ತಿನಲ್ಲಿಯೇ ಪರೀಕ್ಷೆಗೆ ಬರುವುದು. ಒತ್ತಡವಿರುತ್ತದೆ, ಉದ್ಯೋಗದ ಭಯವಿರುತ್ತದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಮನೆಯ ಹಿರಿಯರು ಸಂಬಳವೆಷ್ಟೆಂದು ಕೇಳುವುದರ ಜೊತೆಗೆ, ನಿನ್ನ ಕಾರ್ಖಾನೆಯ ನೀರು ಎಲ್ಲಿಗೆ ಹೋಗುತ್ತದೆಂದೂ ಒಮ್ಮೆ ಕೇಳಿದರೆ ಆ ಮಗನಿಗೆ ಬಲ ಬಂದೀತು.

ನಿರಾಶೆಗೆ ಕಾರಣವಿಲ್ಲ. ನಮ್ಮ ಪಡುಬಿದ್ರಿಯ ತೀರವೂ ಹೊನ್ನಾವರದ ಬಳಿಯ ಕಾಸರಕೋಡಿನ ತೀರವೂ 2020ರಲ್ಲಿ ನಿರ್ಮಲತೆಗಾಗಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆದವು. ಮನಸ್ಸುಮಾಡಿದರೆ ಆಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ.

ಈ ಮಹಾಲಯ ಅಮಾವಾಸ್ಯೆಯಂದು ಸಮುದ್ರಸ್ನಾನಕ್ಕೆ ಹೊರಡುವವರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ಎಳ್ಳು, ಅಕ್ಷತೆ, ಹೂಗಳನ್ನು ಬಾಳೆಯೆಲೆಯಲ್ಲಿಯೋ ಬಟ್ಟೆಯ ಚೀಲದಲ್ಲಿಯೋ ತರಬೇಕು. ನೀರಿಗೆ ಹಿತ್ತಾಳೆಯ ಚೆಂಬು ಸಾಕು. ಪಿಂಡವನ್ನು ಎಲೆಯಿಂದ ನೇರವಾಗಿ ನೀರಿಗೆ ಬಿಡಬೇಕು. ಎಲೆಯನ್ನು ದಡಕ್ಕೆ ತಂದು ಗೋವಿಗೋ ಗೊಬ್ಬರದ ಗುಂಡಿಗೋ ಸೇರಿಸಬಹುದು. ಸ್ನಾನಕ್ಕೆ ಮೊದಲು ಮೈಗೆ ಎಣ್ಣೆಯನ್ನಾಗಲಿ, ಸಮುದ್ರದಲ್ಲಿ ಸಾಬೂನನ್ನಾಗಲಿ ಬಳಸಬಾರದು. ಇದು ತೀರ್ಥಸ್ನಾನದ ಹಳೆಯ ನಿಯಮವೇ. ಮಕ್ಕಳಿಗೆ ಒಂದೊಂದು ಖಾಲಿ ಗೋಣಿಚೀಲವನ್ನು ಕೊಟ್ಟು, ಸ್ನಾನಕ್ಕೆ ಮುಂಚೆ ತೀರದಲ್ಲಿ ಸಿಕ್ಕಿದ ಕಸವನ್ನು ಆರಿಸುವಂತೆ ಹೇಳಬಹುದು. ಆಯ್ದ ಮೇಲೆ ಸ್ನಾನವಿದ್ದೇ ಇದೆಯಾದ್ದರಿಂದ ಮೈಲಿಗೆಯ ಚಿಂತೆ ಬೇಡ. ಕಸವನ್ನು ತೀರದಲ್ಲಿ ಸುಡಬಾರದು. ಊರಿಗೆ ತಂದು ಪಂಚಾಯತಿಯ ತ್ಯಾಜ್ಯಘಟಕಕ್ಕೆ ಒಪ್ಪಿಸಬೇಕು. ಮನೆಯಲ್ಲಿ ನಿರ್ಮಾಲ್ಯಕ್ಕೆ ಒಂದು ಮಣ್ಣಿನ ಕುಂಡವನ್ನಿಟ್ಟು ಮಣ್ಣು ಮುಚ್ಚುತ್ತ ಬಂದರೆ ಮೂರು ನಾಲ್ಕು ತಿಂಗಳಲ್ಲಿ ತುಳಸಿಗೆ ಒಳ್ಳೆಯ ಗೊಬ್ಬರವಾಗುತ್ತದೆ. ಮಹಡಿಮನೆಗಳಲ್ಲಿಯೂ ಇದು ಕಷ್ಟವಲ್ಲ. ಒಳಚರಂಡಿಯ ಸಂಪರ್ಕ ದೊರೆಯುವ ಬೀದಿಗಳಲ್ಲಿದ್ದೂ ಖರ್ಚಿಗೆ ಅಂಜಿ ಮಳೆನೀರಿನ ತೋಡಿಗೆ ಬಚ್ಚಲನ್ನು ಬಿಟ್ಟಿರುವ ಗೃಹಸ್ಥರು ಈ ಪಕ್ಷದೊಳಗೆ ಅದನ್ನು ಸರಿಪಡಿಸಿಕೊಂಡರೆ ಪಿತೃಗಳೂ ಸಂತುಷ್ಟರಾದಾರು.

ಅಮಾವಾಸ್ಯೆಯಂದು ಭರತದ ನೀರು ಹೆಚ್ಚಾಗಿರುತ್ತದೆ. ಮಳೆಗಾಲವು ಪೂರ್ಣವಾಗಿ ಮುಗಿಯದಿರುವುದರಿಂದ ಅಲೆಗಳ ಸೆಳೆತವೂ ಪ್ರಬಲ. ವೃದ್ಧರನ್ನೂ ಮಕ್ಕಳನ್ನೂ ಮೊಣಕಾಲುದ್ದದ ನೀರಿನಿಂದ ಆಚೆಗೆ ಬಿಡಬಾರದು. ಅವರಿಗೆ ದಡದಲ್ಲಿ ಕುಳ್ಳಿರಿಸಿ ಚೆಂಬಿನಿಂದ ಪ್ರೋಕ್ಷಣೆ ಮಾಡಿದರೂ ಆಗುತ್ತದೆ. ಸ್ನಾನಾನಂತರ ವಡಭಾಂಡೇಶ್ವರದಲ್ಲಿ ಬಲರಾಮದೇವರ ದರ್ಶನಮಾಡಿಕೊಂಡು ಹಿಂದಿರುಗಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥